ಬೆಳಕಿನ ಕಾಲುವೆ: ಕಡೆಯ ಕೈ

"ಅಲ್ಲಾಡಬ್ಯಾಡ್ರಿ ಸಾಹೇಬ್ರ. ಉಸಿರು ಜರಾ ಹಿಡೀರಿ. ಹಾಂ, ಈಗ ನೋಡ್ರಿ."

ಸಬ್‌ಇನ್‌ಸ್ಪೆಕ್ಟರ್ ದೇವಿಂದ್ರಪ್ಪ ಉಸಿರು ಹಿಡಿದ.

ಕಿಟಕಿಗೆಲ್ಲ ಕರಿ ಬಟ್ಟೆ ಬಿಗಿದಿದ್ದ ಆ ಪುಟ್ಟ ಕೋಣೆಯಲ್ಲಿ ಬೆಳಗಿನ ಹತ್ತೂವರೆಗೂ ಕತ್ತಲು. ಮೇಜಿನ ಒಂದು ತುದಿಯಿಂದ ಲೇಸರಿನ ಕೆಂಪು ಎಳೆ ಹೊರಟು ಪ್ರಿಜಮ್ಮಿನೊಳಗೆ ನುಗ್ಗುತ್ತಿತ್ತು. ಪ್ರಿಜಮ್ಮಿನ ಬೆನ್ನಿಗೆ ಉಗುರಗಲದ ಗಾಜಿನ ಬಿಲ್ಲೆಯೊಂದನ್ನು ಅವುಚಿ ನಿಲ್ಲಿಸಿದ್ದರು. ಅಲ್ಲಿಗೆ ಬಡಿದು ವಾಪಸಾದ ಬೆಳಕು ಎದುರಿನ ಬಿಳಿ ಹಾಳೆಯ ಮೇಲೆ ಕೆಂಪು ಮಚ್ಚೆಯಾಗಿ ಬಿದ್ದಿತ್ತು.

ಕಾಲೇಜಿನ ಈ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಇಂದೂಬಾಯಿ ಹಿತ್ತಾಳೆಯ ತಿರುಪನ್ನು ಒಂದಿಷ್ಟೇ ತಿರುವಿದಳು. ಮಚ್ಚೆಯ ನಡುವೆ ತೆಳ್ಳನೆಯ ಕರಿ ಗೆರೆ ಎದ್ದಿತು. ಮತ್ತಿಷ್ಟು ತಿರುವಿದಳು. ಇನ್ನೊಂದು. ಮತ್ತೂ ತಿರುವಿದಳು. ಮತ್ತೊಂದು.

"ಮೂರು," ಅಂದ ದೇವಿಂದ್ರಪ್ಪ, ಸಣ್ಣ ಹುಡುಗನ ಹಾಗೆ.

"ಮೂರss. ಗಾಜು ಜೀವಂತ ಅದ. ಒಂದು ಗೆರಿ ಅಂದ್ರ ಬೆಳಕು ಅಷ್ಟು ಒಳಗ ಹೊಕ್ಕೊಂಡು ಹರೀಲಿಕತ್ತದ ಅಂತ ಅರ್ಥ. ಒಳಗ ಹೋದ ಬೆಳಕು ಹಾಳಿಗೆ ಬರೂದಿಲ್ಲಲ್ಲ, ಅದಕ್ಕ ಅಲ್ಲಿ ಕಪ್ಪು."

"ಮತ್ತ ಕಲ್ಲು?"

ಅವಳು ಗಾಜಿನ ಬಿಲ್ಲೆ ತೆಗೆದಳು. ಅದರ ಜಾಗಕ್ಕೆ ನೀರಿನಷ್ಟು ತಿಳಿಯಾದ ಹರಳಿನ ಬಿಲ್ಲೆಯನ್ನು ಇಟ್ಟಳು. ತಿರುಪನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುವಿದಳು. ಕೆಂಪು ಮಚ್ಚೆ ಹಾಳೆಯ ಮೇಲೆ ಮೆಲ್ಲಗೆ ಸರಿದು ಹೋಯಿತು, ಮೈಮೇಲೆ ಒಂದು ಗೀರೂ ಇಲ್ಲದೆ.

ಸೋಮವಾರ ಬೆಳಗ್ಗೆ ದೂರದೂರಿನ ವೇಗವರ್ಧಕ ಯಂತ್ರದಿಂದ ಆ ಗಾಜಿನ ಜೊತೆಗೇ ಹೆಲಿಯಂ ಹೊಡೆಸಿಕೊಂಡು ಬಂದ ಹರಳು, ಮಂಗಳವಾರ ಹತ್ತಕ್ಕೆ ಹೀಗೆ ಸತ್ತಿತ್ತು. ಅಟೆಂಡರ್ ಮಾಪಣ್ಣ ಅಸಲಿ ಕಲ್ಲನ್ನು ಕದ್ದು ಬರೀ ಕಲ್ಲು ಇಟ್ಟಿದ್ದಾನೆ ಎಂದು ಕಾಲೇಜಿನ ಕಾರ್ಯದರ್ಶಿ ಗೋಪಾಲರಾಯರು ಫಿರ್ಯಾದಿ ಕೊಟ್ಟಿದ್ದರು. ಇವತ್ತು ಗುರುವಾರ. ಸಂಜೆ ಐದಕ್ಕೆ ಆಡಳಿತ ಕಮಿಟಿ ಕೂಡುತ್ತದೆ. ಮಾಪಣ್ಣನ ಹದಿನೆಂಟು ವರ್ಷದ ನೌಕರಿ ಅಲ್ಲಿಗೆ ಮುಗಿಯುತ್ತದೆ, ಅಲ್ಲಿಂದ ನೇರ ಕೋರ್ಟು.

"ನನಗ ತಿಳಿಯೂವಂಗ ಹೇಳ್ರಿ ತಂಗಿ," ಅಂದ ದೇವಿಂದ್ರಪ್ಪ. "ಆ ಹೆಲಿಯಂ ಕಲ್ಲಿನೊಳಗ ಏನ್ ಮಾಡ್ತದ?"

ಈ ಪ್ರಶ್ನೆ ಕೇಳಿದರೆ ಸಾಕು, ಇಂದೂಬಾಯಿಯ ಮುಖ ತಾನಾಗಿ ಬೆಳಗುತ್ತಿತ್ತು. ಅತ್ತು ಊದಿಕೊಂಡಿದ್ದ ಕಣ್ಣಲ್ಲೂ ಅಷ್ಟು ಹೊಳಪು.

"ಹೆಲಿಯಂ ಕಣಾನ ಜೋರಿನಿಂದ ಕಲ್ಲಿಗೆ ಹೊಡೀತಾರ್ರಿ. ಅವು ಮ್ಯಾಲಿನ ಮುಖಾ ಸೀಳಿ ಒಳಗ ಹೋಗಿ, ಎಲ್ಲಾವೂ ಹೆಚ್ಚುಕಡಿಮಿ ಒಂದss ಆಳಕ್ಕ ನಿಂದರ್ತಾವ. ನಿಂತ ಜಾಗದಾಗ ಹರಳಿನ ಕಟ್ಟು ಸಡ್ಲ ಆಗ್ತದ. ಈಗ ಕಾಲುವಿ ನೆನಸ್ಕೋರಿ. ಕಲ್ಲಿನ ಮ್ಯಾಲಿನ ಮುಖ ಒಂದು ದಂಡಿ, ಒಳಗಿನ ಸಡ್ಲ ಪದರ ಇನ್ನೊಂದು ದಂಡಿ. ನಡುವ ಬೆಳಕು ಹರೀತದ, ಹೊರಗ ಚೆಲ್ಲೂದಿಲ್ಲ. ಗಾಜಿನಾಗ ಉಲ್ಟಾ. ಗಾಜು ಹೊಡತ ತಿಂದಷ್ಟೂ ಬಿಗಿ ಆಗ್ತದ, ಬಿಗಿಯಾದ ಕಡಿಗೇ ಬೆಳಕು ಕೂಡ್ತದ."

"ಎಷ್ಟು ಆಳ ಈ ಕಾಲುವಿ?"

"ನಿಮ್ಮ ಮೀಸಿ ಕೂದಲಾ ಹತ್ತು ಸೀಳ್ರಿ. ಅದರಾಗ ಒಂದು ಸೀಳು."

ಮೂಲೆಯಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಮೈಬೂಬ ತನ್ನ ಮೀಸೆಯನ್ನೇ ಮುಟ್ಟಿ ನೋಡಿಕೊಂಡ.

"ಕಲ್ಲು ಬಂದಾಗ ಹಿಂಗss ತಿಳಿ ಇತ್ತೇನು?"

"ಇಲ್ರಿ! ಹೊಡತ ತಿಂದ ಕಲ್ಲಿಗೆ ತಿಳಿ ಛಾದ ಬಣ್ಣ ಬರ್ತದ. ಆಮ್ಯಾಲ ಭಟ್ಟಿಯೊಳಗ ಇಟ್ಟು ಕಾಸಿದ್ರ ಬಣ್ಣ ಹೋಗ್ತದ, ಕಾಲುವಿ ಉಳೀತದ. ಸೋಮವಾರ ಸಂಜಿ ನಾಕಕ್ಕ ನಾನss ನೋಡೀನಿ, ಛಾ ಬಣ್ಣ ಇತ್ತು. ಮಂಗಳವಾರ ಮುಂಜಾನಿ ಇಲ್ಲ. ಭಟ್ಟಿ ಹಚ್ಚೇ ಇಲ್ಲ."

ಅದಕ್ಕೇ ಎಲ್ಲರೂ ಕಲ್ಲು ಬದಲಾಗಿದೆ ಅಂದದ್ದು. ಸರಿಯೇ. ಆದರೆ ದೇವಿಂದ್ರಪ್ಪನಿಗೆ ಒಂದು ಕೆಟ್ಟ ಚಾಳಿ. ಎಲ್ಲರೂ ಒಂದೇ ಮಾತು ಅಂದರೆ ಆ ಮಾತನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಬೇಕು ಅನಿಸುತ್ತದೆ.

"ಕಲ್ಲು ಕಳ್ಸೂ ಮುಂದ ತೂಗಿದ್ರೇನು?"

ತೂಗಿದ್ದರು. ದಪ್ಪ ರಿಜಿಸ್ಟರಿನಲ್ಲಿ ಬರೆದೂ ಇತ್ತು: ಒಂದು ಗ್ರಾಂ, ಎಂಟುನೂರಾ ಐವತ್ತಾರು ಮಿಲಿಗ್ರಾಂ. ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯ ಮೇಲೆ ಇಂದೂಬಾಯಿ ಚಿಮ್ಮಟದಿಂದ ಕಲ್ಲು ಇಟ್ಟಳು. ಮುಳ್ಳು ತೂಗಾಡಿ ನಿಂತಿತು.

ಒಂದು ಗ್ರಾಂ, ಎಂಟುನೂರಾ ಐವತ್ತು.

"ಆರು ಮಿಲಿಗ್ರಾಂ ಕಮ್ಮಿ," ಅಂದಳು. "ಎರಡು ಮೂರು ಸೊಳ್ಳಿ ತೂಕ."

"ಇದss ಕಲ್ಲು ಅಂತ ಗುರುತು ಹಿಡಿಯಾಕ ಮತ್ತೇನರ ಅದ?"

ಇತ್ತು. ಕಲ್ಲಿನ ಕೆಳಮುಖದ ಮೂಲೆಯಲ್ಲಿ ಹಕ್ಕಿ ಕಾಲಿನಂಥ ಮೂರು ಗೀರು. ಮಾಪಣ್ಣ ಹುಡುಗನಿದ್ದಾಗ ಶಹಾಬಾದಿನ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಉಜ್ಜುತ್ತಿದ್ದ. ಅಲ್ಲಿ ಯಾರು ಉಜ್ಜಿದ ಫರ್ಸಿಗೆ ಅವರ ಗುರುತು. ಆ ರೂಢಿಯನ್ನು ಅವನು ಲ್ಯಾಬಿಗೂ ತಂದಿದ್ದ. ಇಂದೂಬಾಯಿ ಭೂತಗನ್ನಡಿ ಹಿಡಿದು ನೋಡಿ ತಲೆ ಎತ್ತಿದಳು.

"ಇದು ಅದss ಕಲ್ಲು ಸಾಹೇಬ್ರ. ಯಾರೂ ಬದಲಿ ಮಾಡಿಲ್ಲ. ಮ್ಯಾಲಿನ ಮುಖಾ ಉಜ್ಜ್ಯಾರ. ಆರು ಮಿಲಿಗ್ರಾಂ ಅಂದ್ರ ಪೂರಾ ಕಾಲುವಿನೇ ಉಜ್ಜಿ ತಗದಂಗ."

ದೇವಿಂದ್ರಪ್ಪ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದ: ಕಳವು ಆಗಿಲ್ಲ.

"ಆದ್ರ ಸಾಹೇಬ್ರ," ಅವಳ ದನಿ ಇಳಿಯಿತು, "ಹರಳು ಉಜ್ಜೂ ಕೈ ಈ ಲ್ಯಾಬಿನಾಗ ಒಂದss ಅದ. ಮಾಪಣ್ಣ ಕಾಕಾಂದು."

ಆ ಯಂತ್ರದ ಪಾಳಿ ಸಿಗಲು ಈ ಹುಡುಗಿ ಹದಿನಾಲ್ಕು ತಿಂಗಳು ಕಾದಿದ್ದಳು. ಅವಳ ಪ್ರಬಂಧವೆಲ್ಲ ಈ ಹರಳಿನ ಮೇಲೇ ನಿಂತಿತ್ತು. ಆದರೂ ಈಗ ಅವಳು ಅಳುತ್ತಿದ್ದದ್ದು ಕಲ್ಲಿಗೋ ಕಾಕಾನಿಗೋ, ಹೇಳುವುದು ಕಷ್ಟವಿತ್ತು.

ಹೊರಗೆ ಪಡಸಾಲೆಯಲ್ಲಿ ಗೋಪಾಲರಾಯರು ಕಾದೇ ನಿಂತಿದ್ದರು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಕಮಿಟಿಯ ಫೈಲು.

"ಏನ್ರಿ ಪಿಎಸ್‌ಐ, ಕಲ್ಲಿನ ಅಲಮಾರಿಗೆ ಕೀಲಿ ಮೂರು. ಒಂದು ಲ್ಯಾಬಿನ ಹಿರಿಯರು ಮುಕುಂದರಾವ್ ಸರ್ ಬಲ್ಲಿ, ಒಂದು ಮಾಪಣ್ಣನ ಬಲ್ಲಿ, ಒಂದು ನನ್ನ ಡ್ರಾಯರಿನಾಗ. ನಂದು ಡ್ರಾಯರ್ ಬಿಟ್ಟು ಅಲ್ಲಾಡಿಲ್ಲ. ಇಷ್ಟಾದ ಮ್ಯಾಲೂ ಕಳ್ಳ ಯಾರಂತ ಹುಡುಕಬೇಕೇನು? ಇಲ್ಲಾ," ಅವರು ಸಣ್ಣಗೆ ನಕ್ಕರು, "ನಿಮ್ಮವ, ನಿಮ್ಮ ಕೇರಿಯವ ಅಂತ ಜರಾ ತಡಾ ಮಾಡಾಕತ್ತೀರೇನು?"

ಮೈಬೂಬನ ಕೈ ಬೆಲ್ಟಿಗೆ ಹೋಯಿತು. ದೇವಿಂದ್ರಪ್ಪ ಮಾತ್ರ ಟೋಪಿ ಸರಿ ಮಾಡಿಕೊಂಡು ತಣ್ಣಗೆ ಹೇಳಿದ:

"ರಾಯರ, ನಮ್ಮವ ಅಂತ ಬಿಟ್ರ ನನಗ ಪಾಪ. ನಮ್ಮವ ಅಂತ ಹಿಡದ್ರೂ ಪಾಪ. ಐದಕ್ಕ ಬರ್ತೀನಿ."

*

ಕೋಟನೂರ ದಾಟಿ, ಊರೆಲ್ಲ ಸೀಳಿ, ನೆಹರು ಗಂಜ್ ಮಾರುಕಟ್ಟೆಯ ತೊಗರಿ ಧೂಳಿನಲ್ಲಿ ಲಾರಿಗಳ ನಡುವೆ ನುಸುಳಿ ಜೀಪು ಹುಮನಾಬಾದ ರಸ್ತೆ ಹಿಡಿಯುವಷ್ಟರಲ್ಲಿ ಹನ್ನೆರಡಾಗಿತ್ತು. ಕಮಲಾಪುರಕ್ಕೆ ಇನ್ನೂ ಮುಕ್ಕಾಲು ತಾಸು.

"ಆ ರಾಯರ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ ಸಾಬ್," ಅಂದ ಮೈಬೂಬ, ಗೇರು ಬದಲಿಸುತ್ತ.

"ಹಚ್ಕೊಂಡಿಲ್ಲ."

"ಹಚ್ಕೊಂಡೀರಿ. ಬೀಡಿ ಉಲ್ಟಾ ಹಚ್ಚೀರಿ ನೋಡ್ರಿ."

ಹೌದು, ಉಲ್ಟಾ ಹಚ್ಚಿದ್ದ.

ಮಾಪಣ್ಣನ ಮನೆ ಕಮಲಾಪುರದ ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಒಳಗೆ. ಬಾಗಿಲ ಮುಂದಿನ ಫರ್ಸಿ ಎಷ್ಟು ನುಣುಪಾಗಿತ್ತೆಂದರೆ ದೇವಿಂದ್ರಪ್ಪ ಬೂಟು ಕಳಚಿದ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ತನ್ನ ಮನೆಯಲ್ಲೂ ಅದೇ ಎರಡು, ಅದೇ ಸಾಲಿನಲ್ಲಿ. ರಾಯರ ನಗು ಮತ್ತೊಮ್ಮೆ ಕಿವಿಯಲ್ಲಿ ಚುಚ್ಚಿತು.

ಮಾಪಣ್ಣನ ಹೆಂಡತಿ ಶಿವಕಾಂತಮ್ಮ ಊರಿನ ಕೆಂಪು ಬಾಳೆಹಣ್ಣಿನ ಗೊನೆಯಿಂದ ನಾಲ್ಕು ಹಣ್ಣು ಮುರಿದು ತಟ್ಟೆಯಲ್ಲಿಟ್ಟು ಕುಕ್ಕಿದಳು.

"ತಿನ್ರಿ. ಹಿಡ್ಕೊಂಡು ಹೋಗಾಕ ಬಂದವ್ರಿಗೂ ಹೊಟ್ಟಿ ಇರ್ತದಲ್ಲ."

"ನಾ ಕೇಳಾಕ ಬಂದೀನಿ ಅಕ್ಕಾ, ಹಿಡಿಯಾಕ ಅಲ್ಲ."

"ಕೇಳ್ರಿ ಕೇಳ್ರಿ. ಮೂರು ದಿನಾ ಆತು, ಆ ಮನಷ್ಯಾ ಬಾಯಿ ಬಿಟ್ಟಿಲ್ಲ. ನಿಮ್ಮ ಟೋಪಿ ನೋಡಿದ್ರ ಬಿಡ್ತಾನೇನೋ."

ಮಾಪಣ್ಣ ಹಿತ್ತಲ ಬಾಗಿಲಲ್ಲಿ ಕೂತಿದ್ದ. ಐವತ್ತರ ಆಳು, ಒಣಕಲು ಮೈ. ಕೈ ಮಾತ್ರ ಬೇರೆ ಯಾರದೋ ಅನ್ನುವಂತೆ ಅಗಲ. ಬೆರಳ ತುದಿಗಳು ಉಜ್ಜಿ ಉಜ್ಜಿ ಗೆರೆಯೇ ಅಳಿಸಿ ಹೋಗಿ ಹೊಳೆಯುತ್ತಿದ್ದವು. ದೇವಿಂದ್ರಪ್ಪನನ್ನು ನೋಡಿದ್ದೇ ಎದ್ದು ನಿಂತ.

"ನಾನss ಕದ್ದೀನ್ರಿ ಸಾಹೇಬ್ರ. ಬರ್ಕೋರಿ."

ನಮಸ್ಕಾರ ಇಲ್ಲ, ಏನೂ ಇಲ್ಲ. ಶಿವಕಾಂತಮ್ಮನ ಕೈಯಿಂದ ಛಾದ ಬಟ್ಟಲು ಕೆಳಗೆ ಬಿತ್ತು.

"ಕದ್ದು ಏನ್ ಮಾಡಿದ್ರಿ ಕಾಕಾ?"

"ಮಾರಿದೆ."

"ಯಾರಿಗೆ?"

"ಗಂಜಿನಾಗ ಒಬ್ಬಂವಗ."

"ತೊಗರಿ ಮಾರೂ ಗಂಜಿನಾಗ ಬೆಳಕಿನ ಕಲ್ಲು ತಗೊಂಡವ ಯಾರಪ್ಪಾ? ದಾಲ್‌ಗೆ ಒಗ್ಗರಣಿ ಹಾಕಾಕ ತಗೊಂಡ್ನೇನು?"

ದೇವಿಂದ್ರಪ್ಪ ಅಂಗಿಯ ಜೇಬಿನಿಂದ ಮೊಹರು ಹಾಕಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಮಾಪಣ್ಣನ ಮುಂದಿನ ಫರ್ಸಿಯ ಮೇಲಿಟ್ಟ. ಪಾರದರ್ಶಕ ಮುಚ್ಚಳದ ಕೆಳಗೆ ಹರಳು, ಬೆನ್ನು ಮೇಲಾಗಿ. ಹಕ್ಕಿ ಕಾಲಿನ ಮೂರು ಗೀರು ಬಿಸಿಲಿಗೆ ಮಿನುಗಿದವು.

"ಹಾಂಗಿದ್ರ ಇದು ಯಾವ್ದು?"

ಮಾಪಣ್ಣ ಗೋಡೆ ಹಿಡಿದು, ಮುದುಕನ ಹಾಗೆ, ಮತ್ತೆ ಕೂತ.

"ಕಲ್ಲು ಎಲ್ಲೂ ಹೋಗಿಲ್ಲ ಕಾಕಾ. ಯಾರೋ ಉಜ್ಜ್ಯಾರ. ಉಜ್ಜೂದು ಕಳವಲ್ಲ. ಕಳವು ಮಾಡೀನಿ ಅಂತ ಸುಳ್ಳು ಯಾಕ ಹೇಳ್ತೀರಿ?"

"ಅಕಿ ಸಲುವಾಗ್ರಿ," ಅಂದ ಮಾಪಣ್ಣ. "ಇಂದೂಬಾಯಿ ಸಲುವಾಗಿ. ಕದ್ದೀನಿ ಅಂದ್ರ ಕಲ್ಲು ಎಲ್ಲ್ಯರ ಅದ, ಇವತ್ತಿಲ್ಲ ನಾಳಿ ಸಿಗ್ತದ ಅಂತ ಅಕಿ ಜೀವಾ ಹಿಡ್ಕೋತಾಳ. ಉಜ್ಜಿ ಕೊಂದೀನಿ ಅಂತ ಹ್ಯಾಂಗ ಹೇಳ್ಲಿ? ಹದಿನಾಕು ತಿಂಗಳು ದಿನಾ ಬಂದು ಕೇಳಾಕಿ, ಕಾಕಾ ಪತ್ರ ಬಂತೇನು, ಕಾಕಾ ನಮ್ಮ ಪಾಳಿ ಬಂತೇನು ಅಂತ."

"ನೀ ಜೈಲಿಗೆ ಹೋದ್ರ ನಾ ಯಾವ ಜೀವಾ ಹಿಡ್ಕೋಬೇಕಪ್ಪಾ?" ಅಂದಳು ಶಿವಕಾಂತಮ್ಮ ಬಟ್ಟಲು ಹೆಕ್ಕುತ್ತ.

"ಉಜ್ಜಿದ್ದ್ಯಾಕ ಕಾಕಾ?"

ಮಾಪಣ್ಣ ನಿಧಾನಕ್ಕೆ ಹೇಳಿದ. ಫರ್ಸಿಯ ಕಾರಖಾನೆಯಲ್ಲಿ ಒಂದು ನೇಮ ಇತ್ತು. ಊರು ತಿರುಗಿ ಬಂದ ಕಲ್ಲನ್ನು ಹಾಗೇ ಒಡೆಯನಿಗೆ ಕೊಡಬಾರದು. ಗಾಡಿಯಲ್ಲಿ ಅಲುಗಾಡಿ, ಹತ್ತು ಮಂದಿ ಮುಟ್ಟಿ, ಕಲ್ಲಿನ ಮುಖ ಮಂಕಾಗಿರುತ್ತದೆ. ಅದಕ್ಕೆ ಮೆತ್ತನೆ ಬಟ್ಟೆ, ನುಣುಪು ಪುಡಿ, ಹಗುರ ಕೈಯಿಂದ ಇಪ್ಪತ್ತು ಸುತ್ತು. ಅದಕ್ಕೆ ಕಡೆಯ ಕೈ ಅನ್ನುತ್ತಿದ್ದರು. ಕಡೆಯ ಕೈ ಬೀಳದ ಕಲ್ಲು ಕೊಟ್ಟರೆ ಉಜ್ಜಿದವನಿಗೆ ಅವಮಾನ.

"ಸೋಮವಾರ ಸಂಜಿ ಐದೂವರಿಗೆ, ಲ್ಯಾಬ್ ಮುಚ್ಚೂ ಮುಂದ, ಕಡೀ ಕೈ ಹಾಕಿದ್ನಿರಿ. ನಾಳಿ ಮುಂಜಾನಿ ಅಕಿ ನೋಡ್ತಾಳ, ಕನ್ನಡಿಯಂಗ ಇರ್ಲಿ ಅಂತ. ಮಂಗಳವಾರ ಅಕಿ ಅಳಕೋತ ಹೇಳಿದ್ಳು, ಕಾಲುವಿ ಮ್ಯಾಲss ಇರ್ತದ, ಕೂದಲಿಗಿಂತ ತೆಳ್ಳಗ ಇರ್ತದ ಅಂತ. ಅವಾಗ ತಿಳೀತು ನಾ ಏನ್ ಮಾಡೀನಿ ಅಂತ. ಹದಿನೆಂಟು ವರ್ಷ ಆ ಲ್ಯಾಬಿನಾಗ ಕಲ್ಲು ಉಜ್ಜೀನಿ ಸಾಹೇಬ್ರ. ಕಲ್ಲಿನೊಳಗ ಏನ್ ಹಾಕ್ತಾರ, ಯಾವ ಮುಖಕ್ಕ ಹಾಕ್ತಾರ, ಒಬ್ಬರೂ ಹೇಳಿಲ್ಲ. ಉಜ್ಜೂವಂಗ ಗೊತ್ತಿದ್ರ ಸಾಕಲ್ಲ ಅಂತ ಅವರು. ಕೇಳಿದ್ರ ನಗ್ತಾರೇನೋ ಅಂತ ನಾನು."

ದೇವಿಂದ್ರಪ್ಪ ಫರ್ಸಿಯ ಮೇಲಿನ ಡಬ್ಬಿಯನ್ನು ಎತ್ತಿಕೊಂಡ. ಇಷ್ಟೇನಾ? ಎರಡು ಮಾತು ಹೇಳಿದ್ದರೆ ಉಳಿಯುತ್ತಿದ್ದ ಕಲ್ಲು, ಉಳಿಯುತ್ತಿದ್ದ ಮನುಷ್ಯ.

ಅವನು ನೋಟ್‌ಬುಕ್ಕು ತೆರೆದ. ಬರೆದು ಮುಗಿಸಿ ಏಳುವುದಷ್ಟೇ ಬಾಕಿ. ಆದರೂ ಪೊಲೀಸಿನವನ ನಾಲಿಗೆ, ಕಡೆಗೊಂದು ಪ್ರಶ್ನೆ ಕೇಳದೆ ಬಿಡಲಿಲ್ಲ.

"ಆ ಛಾ ಬಣ್ಣ ಹೋಗ್ಲಿ ಅಂತ ಜರಾ ಹೆಚ್ಚಿಗಿ ಉಜ್ಜಿದ್ರೇನು?"

"ಛಾ ಬಣ್ಣ?" ಮಾಪಣ್ಣ ತಲೆ ಎತ್ತಿದ. "ಯಾವ ಛಾ ಬಣ್ಣರೀ? ನನ್ನ ಕೈಗೆ ಬಂದಾಗ ಕಲ್ಲು ನೀರಿನಂಗ ಇತ್ತು."

ದೇವಿಂದ್ರಪ್ಪನ ಪೆನ್ನು ನಿಂತಿತು.

"ಇನ್ನೊಮ್ಮಿ ಹೇಳ್ರಿ. ಕಡೀ ಕೈ ಹಾಕಿದ್ದು ಈ ಕಲ್ಲಿಗೆ ಒಂದಕ್ಕss?"

"ಎರಡಕ್ಕೂರಿ. ಮೊದಲ ಗಾಜಿಗೆ, ಆಮ್ಯಾಲ ಕಲ್ಲಿಗೆ. ಅದss ಬಟ್ಟಿ, ಅದss ಪುಡಿ, ಇಪ್ಪತ್ತಕ್ಕ ಇಪ್ಪತ್ತು ಸುತ್ತು."

"ಬರೋಬರಿ ಇಪ್ಪತ್ತು?"

"ಸಾಹೇಬ್ರ, ನಿದ್ದ್ಯಾಗ ಎಬ್ಬಿಸಿದ್ರೂ ಇಪ್ಪತ್ತss ಹಾಕ್ತೀನಿ."

ದೇವಿಂದ್ರಪ್ಪ ಎದ್ದೇಬಿಟ್ಟ. ಬೆಳಗ್ಗೆ ಆ ಗಾಜಿನ ಬಿಲ್ಲೆಯ ಮೂರು ಗೆರೆಗಳನ್ನು ಅವನೇ ಕಣ್ಣಾರೆ ಎಣಿಸಿದ್ದ! ಅದೇ ಕೈ, ಅದೇ ಬಟ್ಟೆ, ಅದೇ ಇಪ್ಪತ್ತು ಸುತ್ತು. ಕಡೆಯ ಕೈಗೆ ಕೊಲ್ಲುವ ಶಕ್ತಿ ಇದ್ದಿದ್ದರೆ ಗಾಜೂ ಸಾಯಬೇಕಿತ್ತು. ಗಾಜು ಸತ್ತಿಲ್ಲ.

"ಕಾಕಾ," ಅಂದ, ಖುಷಿಗೆ ದನಿ ಒಡೆದು, "ಅಂಗಿ ಹಾಕ್ಕೋರಿ. ಈ ಕಲ್ಲು ಕೊಂದದ್ದು ನೀವಲ್ಲ. ನಿಮ್ಮ ಕೈಗೆ ಬರೂ ಮೊದಲss ಅದು ಸತ್ತಿತ್ತು."

ಮಾಪಣ್ಣ ನಂಬಲಿಲ್ಲ. ಶಿವಕಾಂತಮ್ಮ ನಂಬಿದಳು. ಗಂಡನ ಅಂಗಿ ಗೂಟದಿಂದ ಎಳೆದು ಅವನ ಮುಖಕ್ಕೇ ಎಸೆದಳು.

"ಏಳೋ ಮಾರಾಯಾ! ಕೊಂದಿಲ್ಲ ಅನ್ನಾಕತ್ತಾರ, ಏಳು!"

*

ಜೀಪು ಕಾಲೇಜು ಮುಟ್ಟಿದಾಗ ನಾಲ್ಕೂಕಾಲು. ಇಂದೂಬಾಯಿ ಮೊದಲು ಗಾಜನ್ನು ತೂಗಿದಳು. ಕಳಿಸುವ ಮುಂಚೆ ಬರೆದಿಟ್ಟ ತೂಕಕ್ಕೂ ಇವತ್ತಿನದಕ್ಕೂ ಮುಳ್ಳು ಕದಲಿರಲಿಲ್ಲ. ಅವಳು ತಕ್ಕಡಿಯ ಬಾಗಿಲು ಮುಚ್ಚಿ, ಮಾಪಣ್ಣನ ಎದುರು ಬಂದು ನಿಂತಳು.

"ಕಾಕಾ, ಮೂರು ದಿನಾ ನೀವು ಹಿಂಗ ಅಂದ್ಕೊಂಡು ಕೂತಿದ್ರೇನು? ಕೊಂದಿದ್ರೂ ಏನಾತು? ನಾ ಮತ್ತ ಪಾಳಿ ಹಚ್ತಿದ್ದೆ. ಕಾಕಾನ್ನ ಎಲ್ಲಿಂದ ತರ್ಲಿ?"

ಮಾಪಣ್ಣ ಮುಖ ಆ ಕಡೆ ತಿರುಗಿಸಿ, ಮೂಗು ಒರೆಸಿಕೊಂಡ.

ಸಾಕ್ಷಿಗೆ ಕರೆಸಿದ ಪಂಚರ ಮುಂದೆ ಮೊಹರು ಒಡೆದು ದೇವಿಂದ್ರಪ್ಪ ಡಬ್ಬಿ ತೆರೆದ.

"ಕಾಕಾ, ಉಜ್ಜಿದ ಕಲ್ಲು ನೋಡಿ ಉಜ್ಜಿದವರನ್ನ ಹೇಳಾಕ ಬರ್ತದೇನು?"

"ಫರ್ಸಿ ಆದ್ರ ಬರ್ತದ. ಇದಕ್ಕ ಬರೀ ಬೆರಳು ಹಚ್ಚೂವಂಗಿಲ್ಲ ಅಂತ ಬೆರಳಿಗೆ ರಬ್ಬರ್ ಟೋಪಿ ಹಾಕ್ಕೋತೀವಿ. ಅವತ್ತೂ ಹಾಕ್ಕೊಂಡಿದ್ದೆ. ರಬ್ಬರಿಗೆ ಏನ್ ತಿಳೀತದ?"

"ಸತ್ತ ಕಲ್ಲು ಕಾಕಾ," ಅಂದಳು ಇಂದೂಬಾಯಿ. "ಬರೀ ಬೆರಳಿನಿಂದ ಮುಟ್ರಿ."

ಮಾಪಣ್ಣ ಹರಳನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಬಲಗೈಯ ಹೆಬ್ಬೆರಳು ಮೇಲ್ಮುಖದ ಅಂಚಿಗುಂಟ ಹೋಯಿತು. ಒಂದು ಅಂಚು. ಎರಡು. ಮೂರನೆಯದಕ್ಕೆ ಬಂದಾಗ ಬೆರಳು ತಡೆಯಿತು. ಹಿಂದೆ ಹೋಗಿ ಮತ್ತೆ ಬಂತು. ಹಣೆಯ ಮೇಲೆ ಒಂದು ಗಂಟು ಬಿತ್ತು.

"ಈ ಮೂಲಿ ಜಾರೇದ," ಅಂದ. "ಉಜ್ಜೂ ಮುಂದ ಹೆಬ್ಬೆರಳು ಒತ್ಯಾರ. ಒತ್ತಿದ ಕಡಿ ಹೆಚ್ಚಿಗಿ ಸವೀತದ. ಒತ್ತಬ್ಯಾಡ್ರಿ, ಒತ್ತಬ್ಯಾಡ್ರಿ ಅಂತ ಎಷ್ಟು ಹೇಳಿದ್ರೂ..."

ಅವನು ಕಣ್ಣು ತೆರೆದ.

"ಯಾರಿಗೆ ಹೇಳಿದ್ರಿ ಕಾಕಾ?" ಇಂದೂಬಾಯಿ ಬಗ್ಗಿ ಕೇಳಿದಳು. "ಉಜ್ಜೂದು ಯಾರಿಗೆ ಕಲಿಸಿದ್ರಿ?"

"ಒಬ್ಬರಿಗss," ಅಂದ ಮಾಪಣ್ಣ.

ಆಗಲೇ ಬಾಗಿಲು ತೆರೆಯಿತು. ಇಂದೂಬಾಯಿಯ ಗುರುಗಳು, ಲ್ಯಾಬಿನ ಹಿರಿಯರು, ಮುಕುಂದರಾಯರು. ಬರುವ ಮಾರ್ಚಿಗೆ ನಿವೃತ್ತಿ. ಇಡೀ ಕಾಲೇಜಿನಲ್ಲಿ ಮಾಪಣ್ಣನ ಪರವಾಗಿ ಕಮಿಟಿಗೆ ಪತ್ರ ಬರೆದವರು ಅವರೊಬ್ಬರೇ.

"ಮಾಪಣ್ಣಾ, ಬಂದಿ ಅಲ್ಲ, ಛಲೋ ಆತು! ಈಗ ಗೋಪಾಲಗ ಹೇಳಿ ಬಂದೆ ನೋಡು, ಈ ಮನಷ್ಯಾ ಕದಿಯೂವಂಥವ ಅಲ್ಲ, ನಾ ಬರ್ದು ಕೊಡ್ತೀನಿ ಅಂತ..."

ಅವರ ಕಣ್ಣು ಮಾಪಣ್ಣನ ಕೈಗೆ ಹೋಯಿತು. ಬರಿಗೈಯಲ್ಲಿ ಹರಳು.

ಮಾಪಣ್ಣ ಎದ್ದು ಎರಡು ಹೆಜ್ಜೆ ಮುಂದೆ ಹೋದ. ಅಗಲ ಅಂಗೈಯಲ್ಲಿ ಹರಳನ್ನು ಇಟ್ಟುಕೊಂಡು ಅವರ ಮುಂದೆ ಚಾಚಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಬರ್ರಿ ಸಾಹೇಬ್ರ. ಇದು ಯಾರ ಕೈ ಅಂತ ನೀವss ಹೇಳ್ರಿ."

ಮುಕುಂದರಾಯರು ಹರಳು ತೆಗೆದುಕೊಳ್ಳಲಿಲ್ಲ. ಸ್ಟೂಲು ಎಳೆದು ಕೂತರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ನಂದು," ಅಂದರು.

"ಸರ್!" ಇಂದೂಬಾಯಿ ಗೋಡೆಗೆ ಒರಗಿದಳು.

"ಸೋಮವಾರ ಮಧ್ಯಾಹ್ನ, ನೀವೆಲ್ಲ ಊಟಕ್ಕ ಹೋದಾಗ. ನನಗ ತಡಿಯೂದು ಆಗಲಿಲ್ಲ ಇಂದೂ. ನಿನಗಿಂತ ಮೊದಲ ನಾ ಒಮ್ಮೆ ನೋಡಬೇಕು ಅನಿಸ್ತು. ಪ್ರಿಜಮ್ಮಿಗೆ ಹಚ್ಚಿದೆ. ಗೆರಿ ಇರಲೇ ಇಲ್ಲ. ಒಂದೂ ಇಲ್ಲ. ಯಂತ್ರದೊಳಗಿನ ಎಣ್ಣಿ ಪಸಿ ಮ್ಯಾಲ ಕೂತದೇನೋ, ಅದಕ್ಕ ಕಾಣಸ್ತಿಲ್ಲೇನೋ ಅಂತ ಜರಾ ಉಜ್ಜಿದೆ. ಕಾಣಲಿಲ್ಲ. ಮತ್ತ ಜರಾ ಉಜ್ಜಿದೆ." ಅವರು ತಮ್ಮ ಹೆಬ್ಬೆರಳನ್ನೇ ನೋಡಿದರು. "ಇಷ್ಟು ವರ್ಷ ಪಾಠ ಮಾಡಿದವಗ ಉಜ್ಜಬಾರದು ಅಂತ ಗೊತ್ತಿಲ್ಲೇನು? ಗೊತ್ತು. ಆದ್ರ ಕೈ ನಿಲ್ಲಲಿಲ್ಲ. ಆಮ್ಯಾಲ ಬಾಯಿ ಬರಲಿಲ್ಲ. ಮಾಪಣ್ಣನ ಹೆಸರು ಬಂದಾಗರೇ ಹೇಳಬೇಕಿತ್ತು. ಪತ್ರ ಬರ್ದೆ. ಪತ್ರ ಬರಿಯೂದು ಸಲೀಸು."

ಮಾಪಣ್ಣ ಹರಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಪಕ್ಕದ ಗಡಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಮುಕುಂದರಾಯರ ಮುಂದೆ ಇಟ್ಟ. ಅದಕ್ಕೇ ರಾಯರ ಕಣ್ಣು ತುಂಬಿತು.

ದೇವಿಂದ್ರಪ್ಪನಿಗೆ ಹಗುರಾಯಿತು. ಕಳವಿಲ್ಲ, ಕಳ್ಳನಿಲ್ಲ, ಒಬ್ಬ ಮುದಿ ಮೇಷ್ಟ್ರ ಹೆಬ್ಬೆರಳು, ಅಷ್ಟೇ. ಇನ್ನು ಕಮಿಟಿಯ ಮುಂದೆ ಒಂದು ಹೇಳಿಕೆ...

"ಎಷ್ಟೊತ್ತಿಗೆ ಸರ್?"

ಇಂದೂಬಾಯಿ. ದನಿ ಬದಲಾಗಿತ್ತು.

"ಒಂದೂವರಿ."

"ಛಾ ಬಣ್ಣ ಎಷ್ಟೊತ್ತಿಗೆ ಹೋತು?"

"ಎರಡಕ್ಕ ಪೂರಾ ಹೋಗಿತ್ತು. ಎರಡೂಕಾಲಿಗೆ ಡಬ್ಬಿ ಮುಚ್ಚಿ ಅಲಮಾರಿಯೊಳಗ ಇಟ್ಟು ಕೀಲಿ ಹಾಕಿದೆ. ಯಾಕ?"

ಅವಳು ದೇವಿಂದ್ರಪ್ಪನ ಕಡೆ ತಿರುಗಿದಳು.

"ಸಾಹೇಬ್ರ, ನಿಮಗ ಒಂದು ಮಾತು ಹೇಳಿಲ್ಲ. ಭಟ್ಟಿಗೆ ಇಡೂತನಕಾ ಕಲ್ಲು ಮುಟ್ಟಬಾರದು ಅಂತ ಸರ್ ಹೇಳಿದ್ರು. ನನಗೂ ತಡೀಲಿಕ್ಕ ಆಗಲಿಲ್ಲ. ಸೋಮವಾರ ನಾಕಕ್ಕ, ಸರ್ ಕ್ಲಾಸಿಗೆ ಹೋದಾಗ, ಅವರ ಕೋಟಿನ ಜೇಬಿನಿಂದ ಕೀಲಿ ತಗೊಂಡು ಡಬ್ಬಿ ತಗದೆ. ನೋಡಿದ್ದಷ್ಟss ಅಲ್ಲ. ಪ್ರಿಜಮ್ಮಿಗೆ ಹಚ್ಚೀನಿ. ಕಲ್ಲು ಛಾ ಬಣ್ಣದ್ದಿತ್ತು. ಗೆರಿ ಇದ್ದುವು ಸರ್. ನಾ ಎರಡು ಸಲ ಎಣಿಸೀನಿ. ಏಳು."

ದೇವಿಂದ್ರಪ್ಪ ಅವರು ಹೇಳಿದ ಹೊತ್ತುಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸಿದ.

ಎರಡು ಗಂಟೆಗೆ ಉಜ್ಜಿ ತಿಳಿಯಾದ ಕಲ್ಲು ನಾಲ್ಕಕ್ಕೆ ಮತ್ತೆ ಛಾ ಬಣ್ಣ ತಿರುಗುವುದಿಲ್ಲ. ಉಜ್ಜಿ ಹೋದ ಕಾಲುವೆಯಲ್ಲಿ ಏಳು ಗೆರೆ ಮೂಡುವುದಿಲ್ಲ. ಹಕ್ಕಿ ಕಾಲಿನ ಗುರುತೋ, ಮಾಪಣ್ಣ ಉಜ್ಜಿದ ಯಾವ ಕಲ್ಲಿಗಾದರೂ ಇರುತ್ತದೆ. ಅಂದರೆ ನಾಲ್ಕಕ್ಕೆ ಆ ಡಬ್ಬಿಯಲ್ಲಿದ್ದದ್ದು ಬೇರೆ ಕಲ್ಲು. ಜೀವಂತ ಕಲ್ಲು. ಐದೂವರೆಗೆ ಮಾಪಣ್ಣ ಡಬ್ಬಿ ತೆರೆದಾಗ ಅದು ಅಲ್ಲಿರಲಿಲ್ಲ.

ಅಂದರೆ ಕಳವು ಆಗಿದೆ. ಖರೇನೇ ಆಗಿದೆ. ಐದೂವರೆಗೆ ಆ ಡಬ್ಬಿ ತನ್ನ ಕೈಯಲ್ಲಿತ್ತು ಅಂತ ಒಪ್ಪಿಕೊಂಡವನು ಮಾಪಣ್ಣ ಒಬ್ಬನೇ. ಆ ಮಾತನ್ನು ಅವನ ಬಾಯಿಂದ ಹೊರಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವನು ತಾನೇ, ದೇವಿಂದ್ರಪ್ಪ.

ಬಾಗಿಲಲ್ಲಿ ಕಚೇರಿಯ ಜವಾನ ಮಕ್ಬೂಲ್ ತಲೆ ತೂರಿಸಿದ.

"ಐದಾತ್ರಿ. ಕಮಿಟಿಯವರು ಮಾಪಣ್ಣಗ ಕರೀಲಿಕತ್ತಾರ. ಪಿಎಸ್‌ಐ ಸಾಹೇಬ್ರೂ ತಮ್ಮ ಬರವಣಿಗಿ ತಗೊಂಡು ಬರಬೇಕಂತ."

ಮಾಪಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮಧ್ಯಾಹ್ನ ಕಮಲಾಪುರದ ಆ ಫರ್ಸಿಯ ಮೇಲೆ, ನೀವಲ್ಲ ಎಂದು ತನಗೆ ಹೇಳಿದ್ದ ಮನುಷ್ಯನ ಮುಖವನ್ನೇ ನೋಡಿದ.

"ನಡೀರಿ ಸಾಹೇಬ್ರ," ಅಂದ. "ಒಳಗ ಹೋಗಿ ನೀವು ಏನ್ ಹೇಳ್ತೀರಿ?"